ಎಲ್ಲರ ಬಾಯಿಯ ಹೊಗೆ ಬಿಳಿಯಾದದ್ದು

ಆಗ ಲೋಕ ಇನ್ನೂ ಹಸಿಯಾಗಿತ್ತು. ಬೆಟ್ಟಗಳ ಮೇಲೆ ಬೆರಳೊತ್ತಿದರೆ ಗುಳಿ ಬೀಳುತ್ತಿತ್ತು. ಯಾರು ಒತ್ತಿ ನೋಡಿದ್ದರು ಎಂದು ಕೇಳಬೇಡ ಮಗು. ಹಾಗೆ ಹೇಳುತ್ತಾರೆ, ಅಷ್ಟೇ.

ಪ್ರಾಣಿಗಳ ಮೈ ತಣ್ಣಗಿತ್ತು. ಮನುಷ್ಯರ ಮೈಯೂ ತಣ್ಣಗಿತ್ತು. ಬೆಳಗಾದರೆ ಎಮ್ಮೆ, ಜಿಂಕೆ, ಮನುಷ್ಯ ಎಲ್ಲರೂ ಒಂದೇ ಬಂಡೆಯ ಮೇಲೆ ಬಿಸಿಲಿಗಾಗಿ ಜಗಳವಾಡುತ್ತಿದ್ದರು.

ಹೊಳೆಯ ಕೆಸರಿನಲ್ಲಿ ಕಿಡಿಗಳಿದ್ದವು. ಸಾಸಿವೆಗಿಂತ ಸಣ್ಣವು, ಆದರೆ ಬೆಚ್ಚಗಿದ್ದವು. ಒಂದು ದಿನ ಅವು ತಾಯಂದಿರನ್ನು ಕೂಗಿದವು.

"ನಿಮ್ಮೊಳಗ ಒಂದೀಟು ಜಾಗಾ ಕೊಡ್ರಿ. ನಿಮ್ಮನ್ನೂ ಬೆಚ್ಚಗ ಇಡ್ತೀವಿ, ನಿಮ್ಮ ಮಕ್ಕಳನ್ನೂ ಬೆಚ್ಚಗ ಇಡ್ತೀವಿ."

"ಗಂಡಸರನ್ನ ಯಾಕ ಕೇಳವಲ್ರಿ?" ಎಂದಳು ಕೆಂಚವ್ವ ಎಂಬ ಹೆಂಗಸು.

"ಅವರ ಮೈಯಾಗೂ ಇರ್ತೀವಿ. ಆದ್ರ ಅವರಿಂದ ಮುಂದಕ್ಕ ಹೋಗಂಗಿಲ್ಲ. ತಾಯಿಯಿಂದ ಮಗುವಿಗೆ, ಅಷ್ಟ ನಮ್ಮ ದಾರಿ."

ತಾಯಂದಿರು ಒಪ್ಪಿದರು. ಚಳಿಯಲ್ಲಿ ನಿಂತವರು ಕರಾರನ್ನು ಪೂರ್ತಿ ಕೇಳಿಸಿಕೊಳ್ಳುವುದಿಲ್ಲ.

ಕಿಡಿ ಒಳಗೆ ಹೋಯಿತು, ಬಾಯಲ್ಲಿ ಹೊಗೆ ಬಂತು. ಕೆಮ್ಮಣ್ಣಿನ ಕಿಡಿ ಪಡೆದ ಕೆಂಚವ್ವನ ಹೊಗೆ ಕೆಂಪು. ಕರಿ ಕೆಸರಿನ ಕಿಡಿ ಪಡೆದ ನೀಲವ್ವನ ಹೊಗೆ ನೀಲಿ. ಸುಣ್ಣದ ಕೆಸರಿನ ಕಿಡಿ ಪಡೆದ ಹಾಲವ್ವನ ಹೊಗೆ ಬಿಳಿ. ಎಮ್ಮೆಗಳಲ್ಲೂ ಹಾಗೆಯೇ, ಜಿಂಕೆಗಳಲ್ಲೂ ಹಾಗೆಯೇ. ಯಾವ ಹೊಗೆಯೂ ಇನ್ನೊಂದಕ್ಕಿಂತ ಬೆಚ್ಚಗಿರಲಿಲ್ಲ. ಇದನ್ನು ನೆನಪಿಟ್ಟುಕೋ.

ಆ ಊರಿನಲ್ಲಿ ಹೊಗೆ ನೋಡುವ ಶಾಸ್ತ್ರವೊಂದಿತ್ತು. ಹುಟ್ಟಿದ ಮಗುವನ್ನು ಚಳಿಯ ಬೆಳಿಗ್ಗೆ ಅಂಗಳಕ್ಕೆ ತರುವುದು. ಮಗು ಆಕಳಿಸಿದ ಕೂಡಲೇ ಎಲ್ಲರೂ ಬಣ್ಣ ಕೂಗುವುದು. ಗಂಡಾದರೆ ಊರಿಗೆಲ್ಲ ಹೋಳಿಗೆ. ಹೆಣ್ಣಾದರೆ ಒಂದು ಚೂರು ಬೆಲ್ಲ.

ಕೆಂಚವ್ವನಿಗೆ ಗಂಡು ಹುಟ್ಟಿತು. ಹೋಳಿಗೆ. ಮತ್ತೆ ಗಂಡು. ಮತ್ತೆ ಹೋಳಿಗೆ. ಹಾಲವ್ವನಿಗೆ ಹೆಣ್ಣು, ಮತ್ತೆ ಹೆಣ್ಣು.

"ಬೆಲ್ಲಾ ತಿಂದು ತಿಂದು ಹಲ್ಲಿಗೆ ಹುಳಾ ಹತ್ತಿದ್ವು ನೋಡವಾ ಹಾಲವ್ವ," ಎಂದಳು ಕೆಂಚವ್ವ.

"ಹೋಳಿಗಿ ತಿಂದ ಹೊಟ್ಟಿ ಏನ್ ಕಡಿಮಿ ಉಬ್ಬೇತೇನವಾ?" ಎಂದಳು ಹಾಲವ್ವ.

ಮುಂದೆ ಕೆಂಚವ್ವನ ಹಿರಿಯ ಮಗ ಹಾಲವ್ವನ ಮಗಳನ್ನೇ ಮದುವೆಯಾದ. ಹೆಣ್ಣು ಮಗು ಹುಟ್ಟಿತು. ಕೆಂಚವ್ವ ಅಂಗಳದಲ್ಲಿ ಮುಂದೆಯೇ ಕೂತಳು. ಮಗು ಆಕಳಿಸಿತು. ಬಿಳಿ.

"ಇನ್ನೊಮ್ಮಿ ಆಕಳಸಲಿ," ಎಂದಳು.

ಇನ್ನೊಮ್ಮೆಯೂ ಬಿಳಿಯೇ.

ಕೆಂಚವ್ವ ತನ್ನ ಎದೆಯೊಳಗಿನ ಕಿಡಿಯನ್ನೇ ತರಾಟೆಗೆ ತೆಗೆದುಕೊಂಡಳು. "ನನ್ನ ಮಗನ ಮಗಳು ಅಕಿ! ನೀ ಎಲ್ಲಿ ಹೋದಿ?"

"ನಿನ್ನ ಮಗನ ಹತ್ರನ ಅದೀನಿ. ಅಂವಾ ಬೆಚ್ಚಗ ಅದಾನಲ್ಲ? ಮುಂದಕ್ಕ ಬರಂಗಿಲ್ಲ ಅಂತ ಅವತ್ತ ಹೇಳಿದ್ವಿ."

"ಹಂಗಾದ್ರ ನನ್ನ ಕೆಂಪು?"

"ಒಂದು ಹೆಣ್ಣು ಹಡಿ. ಇಲ್ಲಾಂದ್ರ ನಿನ್ನ ಮಕ್ಕಳ ಕೂಡ ಮುಗೀತು."

ಕೆಂಚವ್ವ ಗಾಳಿಯನ್ನು ಬೇಡಿಕೊಂಡಳು. "ಗಾಳಿಯಪ್ಪಾ, ಒಂದು ಹೆಣ್ಣು ತಂದುಕೊಡೋ."

"ನಾ ಬೀಜ ಒಯ್ತೀನಿ. ಎಲ್ಲಿ ಬೀಳ್ತಾವು ಅಂತ ತಿರುಗಿ ನೋಡಂಗಿಲ್ಲ," ಎಂದಿತು ಗಾಳಿ.

ಆದರೂ ಹೆಣ್ಣು ಹುಟ್ಟಿತು. ಗಾಳಿಯ ದಯೆಯೇನಲ್ಲ, ಹುಟ್ಟಿತು, ಅಷ್ಟೇ. ಹೊಗೆ ಕೆಂಪು. ಕೆಂಪಿ ಎಂದು ಹೆಸರಿಟ್ಟರು. ಹೆಣ್ಣಿಗೆ ಹೋಳಿಗೆ ಹಾಕಿಸಿದವಳು ಊರಿನಲ್ಲಿ ಕೆಂಚವ್ವನೇ ಮೊದಲು. ಜನ ನಕ್ಕರು. ನಕ್ಕವರೂ ತಿಂದರು.

ಕೆಂಪಿ ಬೆಳೆದು ಕಂಬಳಿ ಹೊರುವಷ್ಟಾದಳು. ಚಳಿಗಾಲಕ್ಕೆ ಮುಂಚೆ ಊರಿನ ಹುಡುಗಿಯರೆಲ್ಲ ಹೊಳೆಗೆ ಹೋಗಿ ಕಂಬಳಿ ಒಗೆಯುವ ದಿನ ಬಂತು. ನೀಲವ್ವನ ಹೆಣ್ಣುಮಕ್ಕಳು ಹೋದರು. ಕೆಂಪಿ ಹೋದಳು. ಕೆಂಪು, ನೀಲಿ ಹೊಗೆಯ ಎಮ್ಮೆಗಳೂ ನೀರಿಗಿಳಿದವು.

ಹಾಲವ್ವನ ಹೆಣ್ಣುಮಕ್ಕಳೂ ಮೊಮ್ಮಗಳೂ ಹೊರಟಿದ್ದರು. ಅಷ್ಟರಲ್ಲಿ ಅವರ ಬಿಳಿ ಹೊಗೆಯ ಎಮ್ಮೆ ಕರುವನ್ನೂ ಕರೆದುಕೊಂಡು ಗುಡ್ಡದ ಕಡೆ ಓಡಿತು. ಬೈಯುತ್ತಾ ಎಲ್ಲರೂ ಅದರ ಹಿಂದೆ ಹತ್ತಿದರು.

ಮೇಲೆಲ್ಲೋ ಮಳೆಯಾಗಿತ್ತು. ಹೊಳೆ ಒಮ್ಮೆಲೇ ಬಂತು. ಕೆಳಗಿದ್ದ ಯಾರನ್ನೂ ಅದು ಹಿಂದಕ್ಕೆ ಕೊಡಲಿಲ್ಲ.

ಕಾಲ ಸರಿಯಿತು. ಗುಡ್ಡ ಹತ್ತಿದ ಹುಡುಗಿಯರಿಗೆ ಮಕ್ಕಳಾದವು. ಅಂಗಳಗಳಲ್ಲಿ ಬಿಳಿ, ಬಿಳಿ, ಬಿಳಿ. ಕೊನೆಗೆ ಯಾರೂ ಬಣ್ಣ ಕೂಗುವುದನ್ನೇ ಬಿಟ್ಟರು.

ಮುದುಕಿಯಾದ ಕೆಂಚವ್ವ ಒಂದು ಚಳಿಯ ಬೆಳಿಗ್ಗೆ ಮೊಮ್ಮಗಳ ಮಗಳನ್ನು ಮಡಿಲಲ್ಲಿ ಕೂರಿಸಿಕೊಂಡು ಹೊಳೆಯ ದಂಡೆಯಲ್ಲಿ ಕೂತಿದ್ದಳು. ಅವಳ ಗಂಡುಮಕ್ಕಳೂ ಆಗಲೇ ತೀರಿಹೋಗಿದ್ದರು. ಲೋಕದಲ್ಲಿ ಕೆಂಪು ಹೊಗೆ ಅವಳೊಬ್ಬಳದೇ.

"ಹೊಳಿಯವ್ವಾ, ನನ್ನ ಕೆಂಪಿ ಏನ್ ತಪ್ಪು ಮಾಡಿದ್ಲು?"

"ಏನಿಲ್ಲ."

"ಹಾಲವ್ವನ ಮಕ್ಕಳು ಏನ್ ಪುಣ್ಯಾ ಮಾಡಿದ್ರು?"

"ಏನಿಲ್ಲ. ಅವರ ಎಮ್ಮಿ ಗುಡ್ಡಕ್ಕ ಹೋತು. ನಾ ನನ್ನ ದಾರಿ ನೋಡಕೊಂತ ಬಂದೆ. ಯಾರ ಹೊಗಿನೂ ನೋಡಲಿಲ್ಲ."

ಹೊಳೆಗೆ ಸಮಾಧಾನ ಹೇಳಿ ಅಭ್ಯಾಸವಿರಲಿಲ್ಲ. ಆದರೂ ಹೇಳಿತು: "ಆ ಕೂಸಿನ ಮೂಗು ನೋಡು."

ಮೂಗು ಕೆಂಚವ್ವನದೇ. ಹಟವೂ ಅವಳದೇ. "ಮುತ್ತವ್ವಾ, ಕೆಂಪು ಹೊಗಿ ಬಿಡು! ಬಿಡು ಅಂದ್ರ ಬಿಡು!" ಎಂದು ಕೂಸು ಸೆರಗು ಜಗ್ಗಿತು.

ಕೆಂಚವ್ವ ನಕ್ಕು, ಉಸಿರೆಳೆದು, ಬಿಟ್ಟಳು. ಕೆಂಪು ಹೊಗೆ ಮೇಲೆದ್ದಿತು. ಕೂಸು ಕೈಯೆತ್ತಿ ಹಿಡಿಯಲು ಹೋಯಿತು. ಹೊಗೆ ಬೆರಳ ಸಂದಿಯಲ್ಲಿ ಕರಗಿತು. ಮತ್ತೆ ಯಾರೂ ಅದನ್ನು ಕಾಣಲಿಲ್ಲ.

ಮುಂಜಾನೆಯ ಆಕಾಶ ಕೆಂಪಾಗುವುದು ಅದೇ ಹೊಗೆಯಿಂದ ಎನ್ನುವವರಿದ್ದಾರೆ. ಸುಳ್ಳು. ಅದು ಬರೀ ಸೂರ್ಯ.

ನಾಳೆ ಚಳಿಯಲ್ಲಿ ಅಂಗಳಕ್ಕೆ ಹೋಗಿ ಉಸಿರು ಬಿಡು. ಬಿಳಿ ಹೊಗೆ ಬರುತ್ತದೆ. ನಿನ್ನ ಅವ್ವ ಕೊಟ್ಟದ್ದು, ಅವಳಿಗೆ ಅವಳವ್ವ ಕೊಟ್ಟದ್ದು. ಬಿಳಿ ಶ್ರೇಷ್ಠ, ಅದಕ್ಕೇ ಉಳಿಯಿತು ಎಂದು ಯಾರಾದರೂ ಹೇಳಿದರೆ ಜಗಳವಾಡಬೇಡ. ಹಟ್ಟಿಯಲ್ಲಿ ನಿಂತ ಎಮ್ಮೆಯ ಮೂಗನ್ನು ತೋರಿಸು. ಅಲ್ಲೂ ಅದೇ ಬಿಳಿ ಹೊಗೆ ಬರುತ್ತಿರುತ್ತದೆ, ಏಕೆಂದರೆ ಆ ದಿನ ಗುಡ್ಡ ಹತ್ತಿದ್ದು ಅದರ ಅವ್ವ.