ಕ್ರೇನ್ ಎತ್ತದ ಗೋಡೆ

ಅಚ್ಚಿನಲ್ಲಿ ಎರಕ ಹೊಯ್ದ ಕಾಂಕ್ರೀಟ್ ಗೋಡೆಗಳನ್ನು ಜೋಡಿಸಿ ಕಟ್ಟಿದ ಹಳೆಯ ಕಾಲೋನಿಯನ್ನು ಕೆಡವಲು ಮುದಿ ಕ್ರೇನ್ ಬಂತು.

"ಎಲ್ಲರದೂ ಒಂದೇ ಮುಖ. ನಿಮ್ಮನ್ನು ಉಳಿಸಿ ಯಾರಿಗೇನು?" ಎಂದಿತು.

"ನಮ್ಮನ್ನು ಎತ್ತಿ ನಿಲ್ಲಿಸಿದ್ದು ನೀನೇ ಅಲ್ಲವೇ, ಅಕ್ಕಾ?" ಎಂದಿತು ಮೂಲೆಯ ಗೋಡೆ. "ಗುಡಿಸಲು ಸುಟ್ಟುಹೋದ ನೂರು ಸಂಸಾರಗಳು ಬಯಲಲ್ಲಿದ್ದವು. ಮಳೆಗಾಲದೊಳಗೆ ಎಲ್ಲರಿಗೂ ಸೂರಾಗಬೇಕಿತ್ತು. ನಮಗೆ ಒಂದೊಂದು ಮುಖ ಕೆತ್ತುತ್ತ ಕೂತಿದ್ದರೆ ಆಗುತ್ತಿತ್ತೇ?"

ಕ್ರೇನಿಗೆ ನೆನಪಾಯಿತು. ಮೊದಲ ಮನೆಯ ಮುಂದೆ ರಂಗೋಲಿ ಬಿದ್ದ ದಿನ ತಾನೆಷ್ಟು ಬೀಗಿತ್ತು!

ಅದು ಕೊಕ್ಕೆಯನ್ನು ಮೇಲೆಳೆದುಕೊಂಡಿತು. ಚಾಲಕ ಎಷ್ಟು ಗುದ್ದಾಡಿದರೂ ಅಲುಗಲಿಲ್ಲ.

"ನಾಳೆ ಬೇರೆ ಯಂತ್ರ ತರುತ್ತಾರೆ," ಎಂದಿತು ಗೋಡೆ ಮೆಲ್ಲಗೆ.

"ತರಲಿ. ದಾರಿಗೆ ಅಡ್ಡವಾಗಿ ನಾನಿದ್ದೇನೆ. ಇದು ನಾನು ಕಟ್ಟಿದ್ದು ಎಂದು ತೋರಿಸಲು ನನಗೂ ಒಂದು ಊರು ಬೇಡವೇ, ತಂಗೀ?"