ಮೂರನೆಯ ತುಳಿತ

"ಬುದ್ಧಿ, ಹಾಲಮ್ಮನನ್ನು ಕಳಿಸಿ ಎರಡು ದಿನವಾಯಿತು. ಮಠದಲ್ಲಿ ಏನು ನಿಂತುಹೋಯಿತು, ನೀವೇ ಹೇಳಿ?"

ಗುರುಗಳನ್ನು ಹೀಗೆ ಕೇಳಿದವನು ಶಿಷ್ಯ ಮರುಳಯ್ಯ. ಮಠದ ದಾಸೋಹದ ಉಸ್ತುವಾರಿ ಅವನದು. ಹಾಲಮ್ಮ ಮೂವತ್ತು ವರ್ಷ ಅಲ್ಲಿನ ಒಲೆಯ ಮುಂದೆ ಬೆಂದವಳು. ಊಟ ಮುಗಿಸಿದ ಭಕ್ತರು ಮರುಳಯ್ಯನನ್ನು ಹೊಗಳುತ್ತಿದ್ದಾಗ, "ಅಯ್ಯನೋರು ಒಂದಿನ ಹಿಟ್ಟು ನಾದಿ ನೋಡ್ಲಿ" ಎಂದುಬಿಟ್ಟಿದ್ದಳು. ಅಷ್ಟು ಜನರೆದುರು! ಅವನಿಗೆ ಮೈಯೆಲ್ಲ ಉರಿದುಹೋಗಿತ್ತು. ಅಂದೇ ಅವಳನ್ನು ಮನೆಗೆ ಕಳಿಸಿದ್ದ.

"ತನ್ನ ಕೋಳಿ ಕೂಗದಿದ್ದರೆ ಬೆಳಗೇ ಆಗದು ಅಂದುಕೊಂಡಿದ್ದಳು ಆ ಮುದುಕಿ. ನಿನ್ನೆಯೂ ರೊಟ್ಟಿ ಆಯಿತು, ಇವತ್ತೂ ಆಯಿತು. ಡಬ್ಬದಲ್ಲಿ ಹಿಟ್ಟಿದೆ, ಗಡಿಗೆಯಲ್ಲಿ ಮೊಸರಿದೆ. ನಾಳೆ ಹುಣ್ಣಿಮೆ, ಸಾವಿರ ಎಲೆ. ಅದನ್ನೂ ನಡೆಸಿ ತೋರಿಸುತ್ತೇನೆ."

ಹಿಟ್ಟು ಹಾಲಮ್ಮ ಬೀಸಿಸಿ ತುಂಬಿಟ್ಟದ್ದು, ಮೊಸರು ಅವಳೇ ಹೆಪ್ಪು ಹಾಕಿದ್ದು. ಅದು ಮರುಳಯ್ಯನ ನೆನಪಿಗೆ ಬರಲಿಲ್ಲ. ಡಬ್ಬದ ತಳ ಕಾಣುತ್ತಿದ್ದದ್ದೂ ಕಣ್ಣಿಗೆ ಬಿದ್ದಿರಲಿಲ್ಲ. ಸಿಟ್ಟಿಗೆ ಕಣ್ಣೆಲ್ಲಿ?

ಗುರುಗಳು ಒಂದು ಕತೆ ಹೇಳಿದರು.

ಒಬ್ಬ ಚಾಲಕನಿದ್ದ. ಹದಿನೆಂಟು ಜನ ಕೂರುವ ವ್ಯಾನು ಓಡಿಸುತ್ತಿದ್ದ. ಒಂದೇ ಕೈಯಲ್ಲಿ ಸ್ಟೀರಿಂಗ್ ತಿರುಗಿಸುವನು, ಕಾಲಿನ ತುದಿಯಲ್ಲಿ ಬ್ರೇಕ್ ಹಾಕುವನು. ನೋಡಿದವರು, ಏನು ತೋಳಪ್ಪ ಇವನದು ಎನ್ನುವರು. ಅವನೂ ಹಾಗೆಯೇ ನಂಬಿದ್ದ.

ಒಮ್ಮೆ ಘಟ್ಟ ಇಳಿಯುವಾಗ ಪಕ್ಕದಲ್ಲಿ ಒಬ್ಬ ಮೆಕ್ಯಾನಿಕ್ ಕುಳಿತಿದ್ದ. "ಈ ಬಲದಲ್ಲಿ ನಿಂದು ನಾಲ್ಕಾಣೆ ಕಣಯ್ಯ. ಮಿಕ್ಕ ಹನ್ನೆರಡಾಣೆ ಎಂಜಿನ್ನಿಂದು" ಎಂದ.

ಚಾಲಕನಿಗೆ ರೇಗಿತು. ಇಷ್ಟು ವರ್ಷ ಓಡಿಸಿದವನಿಗೆ ಈ ಮಾತೇ? ಗೇರನ್ನು ನ್ಯೂಟ್ರಲ್‌ಗೆ ತಂದು ಎಂಜಿನ್ ಆಫ್ ಮಾಡಿದ. ವ್ಯಾನು ಇಳಿಜಾರಿನಲ್ಲಿ ತಾನಾಗಿ ಉರುಳಿತು.

ಮೊದಲ ತಿರುವಿನಲ್ಲಿ ಸ್ಟೀರಿಂಗ್ ಬಿಗಿಯಾಗಿತ್ತು. ಎರಡೂ ಕೈ ಹಾಕಿ ಎಳೆದ. ಬ್ರೇಕ್ ತುಳಿದ, ಹಿಡಿಯಿತು. "ನೋಡಿದೆಯಾ?" ಎಂದ. ಎರಡನೆಯ ತಿರುವಿನಲ್ಲೂ ತುಳಿದ. ತುಸು ಗಟ್ಟಿಯಾಗಿತ್ತು, ಆದರೂ ಹಿಡಿಯಿತು. ಚಾಲಕ ಮೀಸೆಯಲ್ಲೇ ನಕ್ಕ. ಮೂರನೆಯ ತಿರುವಿನ ಕೆಳಗೆ ಕಣಿವೆ. ತುಳಿದ. ಪೆಡಲ್ ಕಲ್ಲಾಗಿತ್ತು. ಎರಡೂ ಕಾಲು ಊರಿ ತುಳಿದ. ವ್ಯಾನು ನಿಲ್ಲಲಿಲ್ಲ. ಹಿಂದೆ ಕುಳಿತವರು ಮಕ್ಕಳನ್ನು ಅವಚಿಕೊಂಡು ಕೂಗಿದರು. ಮೆಕ್ಯಾನಿಕ್ ಕೈಚಾಚಿ ಕೀಲಿ ತಿರುಗಿಸಿದ. ಎಂಜಿನ್ ಶುರುವಾಯಿತು, ಪೆಡಲ್ ಇಳಿಯಿತು, ವ್ಯಾನು ರಸ್ತೆಯಂಚಿನ ಮೋಟುಗೋಡೆಗೆ ತಾಗಿ ನಿಂತಿತು.

"ನನ್ನ ಬ್ರೇಕಿಗೆ ಏನು ಮಾಡಿದೆಯೋ?" ಚಾಲಕ ಅವನ ಕೊರಳಪಟ್ಟಿ ಹಿಡಿದ.

"ನಾನೇನೂ ಮಾಡ್ಲಿಲ್ಲ. ಅದು ಇರೋದೇ ಅಷ್ಟು ಗಟ್ಟಿ. ಎಂಜಿನ್ ಓಡುವಾಗ ಒಂದು ಡಬ್ಬಿಯ ಗಾಳಿ ಹೀರಿ ಇಟ್ಟಿರುತ್ತೆ. ನೀನು ತುಳಿದಾಗ ಆ ಸೆಳೆತಾನೂ ಜೊತೆಗೆ ಒತ್ತುತ್ತೆ. ಸ್ಟೀರಿಂಗಿಗೂ ಎಂಜಿನ್ನೇ ಎಣ್ಣೆ ನೂಕಿ ಆಸರೆ ಕೊಡುತ್ತೆ. ಎಂಜಿನ್ ನಿಲ್ಲಿಸಿದ ಕೂಡಲೇ ಎಣ್ಣೆಯ ಆಸರೆ ಹೋಯ್ತು. ಡಬ್ಬಿಯಲ್ಲಿ ಮಾತ್ರ ಎರಡು ತುಳಿತಕ್ಕಾಗುವಷ್ಟು ಸೆಳೆತ ಉಳಿದಿತ್ತು. ಅದನ್ನ ನಿನ್ನ ಕಾಲಿನ ಬಲ ಅಂದ್ಕೊಂಡೆ."

ಮರುಳಯ್ಯನಿಗೆ ತಡೆಯಲಾಗಲಿಲ್ಲ. ಎದ್ದು ನಿಂತೇಬಿಟ್ಟ.

"ಎಂಥ ಅವಿವೇಕಿ, ಬುದ್ಧಿ! ಎರಡು ಸಲ ಹಿಡಿಯಿತೆಂದು ಮೂರನೆಯದಕ್ಕೆ ಅಷ್ಟು ಜನರ ಪ್ರಾಣ ಒಡ್ಡುವುದೇ? ಸಾಲದ್ದಕ್ಕೆ, ಕಾಪಾಡಿದವನ ಕೊರಳಪಟ್ಟಿ ಹಿಡಿದನಲ್ಲ! ಅಂಥವನ ಕೈಗೆ ವ್ಯಾನು ಕೊಟ್ಟವರು ಯಾರು?"

ಅವನ ಮಾತು ಮುಗಿಯುವವರೆಗೂ ಗುರುಗಳು ಕಾದರು. ಆಮೇಲೆ ಮೆಲ್ಲಗೆ ಕೇಳಿದರು.

"ಮರುಳಯ್ಯ, ಹಾಲಮ್ಮ ಹೋದ ಮೇಲೆ ನಾಳೆಯದು ಎಷ್ಟನೆಯ ತುಳಿತ?"