ಮುಗಿಲುಕೋಟೆಯಲ್ಲಿ ಮೂರು ಮೋಟಾರು ಸುಟ್ಟದ್ದು

“ಕೇಳಿರಪ್ಪೋ ಕೇಳಿ! ಮುಗಿಲುಕೋಟೆಗೆ ನೀರೆತ್ತುವ ಮೋಟಾರು ಮೂರನೆಯ ಸಲ ಸುಟ್ಟಿದೆ. ಅದನ್ನು ನೋಡಿಕೊಳ್ಳುತ್ತಿದ್ದ ಕೆಂಚಯ್ಯನಿಗೆ ಹುಣ್ಣಿಮೆಯಂದು ಮರಣದಂಡನೆ. ಮೋಟಾರು ಕಾಯುವ ವಿದ್ಯೆ ಬಲ್ಲವರು ಬಂದು ರಾಜಕುಮಾರಿ ಹೊನ್ನಲದೇವಿಯವರ ಮೂರು ಒಗಟು ಬಿಡಿಸಲಿ. ಗೆದ್ದವರಿಗೆ ಯಂತ್ರಶಾಲೆಯ ಅಧಿಕಾರ, ಮೇಲೆ ಕೇಳಿದ ವರ. ಸೋತವರ ತಲೆಯೂ ಕೆಂಚಯ್ಯನ ತಲೆಯ ಜೊತೆಗೇ ಹೋಗುತ್ತದೆ!”

ಡಂಗುರ ಬೆಟ್ಟದ ಬುಡದ ಒಂದು ಗುಡಿಸಲಿಗೂ ಕೇಳಿಸಿತು. ಅಲ್ಲಿ ಕೆಂಚಯ್ಯನ ಮಗಳು ಚಿಕ್ಕತಾಯಿ ಸುಟ್ಟ ಮೋಟಾರಿಗೆ ಹೊಸ ತಂತಿ ಸುತ್ತುತ್ತ ಕೂತಿದ್ದಳು. ಆ ಸೀಮೆಯಲ್ಲಿ ಸುಟ್ಟ ಮೋಟಾರಿಗೆಲ್ಲ ತಂತಿ ಸುತ್ತುವವಳು ಅವಳೇ. ಕೈಯ ಕೆಲಸ ಮುಗಿಸಿ, ಬೆರಳಿಗಂಟಿದ ವಾರ್ನಿಷ್ ಒರೆಸಿಕೊಂಡು, ಒಂಬೈನೂರು ಮೆಟ್ಟಿಲು ಹತ್ತಿ ಅರಮನೆಗೆ ಹೋದಳು.

ಸಭೆಯಲ್ಲಿ ಅವಳಿಗಿಂತ ಮೊದಲೇ ಮೂವರು ದೊಡ್ಡವರು ಒಗಟು ಬಿಡಿಸಲು ಬಂದು ಕೂತಿದ್ದರು. ಹರಿದ ಸೆರಗಿನವಳನ್ನು ಕಂಡು ಮೂವರೂ ಮುಸಿಮುಸಿ ನಕ್ಕರು. ಸಿಂಹಾಸನದಲ್ಲಿ ಭೈರವರಾಯ ಮಹಾರಾಜ, ಪಕ್ಕದಲ್ಲಿ ಮಗಳು ಹೊನ್ನಲದೇವಿ.

ರಾಜಕುಮಾರಿ ಶುರುಮಾಡಿದಳು. “ನಮ್ಮ ಮನೆಗೊಬ್ಬ ನೆಂಟ ಬರುತ್ತಾನೆ. ಹೊಸಿಲಲ್ಲೇ ಆರು ಜನರ ಊಟ ಒಂದೇ ಗುಕ್ಕಿಗೆ ನುಂಗುತ್ತಾನೆ. ಒಳಗೆ ಬಂದು ಕೂತಮೇಲೆ ಒಬ್ಬನ ಊಟ ಸಾಕು ಅನ್ನುತ್ತಾನೆ. ಅವನು ಯಾರು? ಅವನು ಬರುವ ಬಾಗಿಲಿಗೆ ಎಂಥ ಕಾವಲುಗಾರ ಬೇಕು?”

“ರಾಹು,” ಎಂದರು ಆಸ್ಥಾನದ ಜ್ಯೋತಿಷಿಗಳು. ಅವರಿಗೆ ಎಲ್ಲದಕ್ಕೂ ರಾಹುವೇ. ಭಟರು ಅವರನ್ನು ಸೆರೆಗೆ ಕರೆದೊಯ್ದರು.

ಪರದೇಶದ ಯಂತ್ರದ ವ್ಯಾಪಾರಿ ಮೀಸೆ ತಿರುವಿದ. “ನೆಂಟ ಅಂದರೆ ಮೋಟಾರು. ಒಬ್ಬನ ಊಟಕ್ಕಿಂತ ಒಂದು ತುತ್ತು ಹೆಚ್ಚು ಕೇಳಿದರೂ ಹೊರಗೆ ನೂಕುವ ಕಾವಲುಗಾರ ಬೇಕು.” ಅರ್ಧ ಸರಿ, ಅರ್ಧ ತಪ್ಪು. ಅವನನ್ನೂ ಕರೆದೊಯ್ದರು.

ಚಿಕ್ಕತಾಯಿ ಕೈಮುಗಿದಳು. “ಮೋಟ್ರು ಅನ್ನೋದು ನಿಜ ಅಮ್ಮಣ್ಣಿ. ಹೊರಡೋ ಗಳಿಗೇಲಿ ಆರೇಳು ಪಟ್ಟು ಕರೆಂಟು ಎಳೀತದೆ, ಓಟ ಹಿಡಿದ್ಮೇಲೆ ತಣ್ಣಗಾಯ್ತದೆ. ಕಾವಲುಗಾರ ಬ್ರೇಕರು, ಕರೆಂಟು ಮಿತಿ ಮೀರಿದ್ರೆ ತಾನೇ ಬಿದ್ದು ಕಡಿಯೋ ಸ್ವಿಚ್ಚು. ದೀಪಕ್ಕೆ ಹಾಕೋ ಬ್ರೇಕರ್ ಇಟ್ರೆ ಮೋಟ್ರನ್ನ ಏಳೋಕೇ ಬಿಡಕಿಲ್ಲ. ಆ ಮೊದಲ ಎಳೆತ ತಡ್ಕೊಳ್ಳೋ ಬ್ರೇಕರೇ ಬೇಕು. ಆದ್ರೆ ತಂತಿ ತಂತಿ ತಗುಲಿ ಶಾರ್ಟ್ ಆದ್ರೆ, ಕಣ್ಣು ಮಿಟುಕಿಸೋದ್ರೊಳಗೆ ಅದು ಬೀಳಬೇಕು.”

ರಾಜಕುಮಾರಿ ತಲೆಯಾಡಿಸಿದಳು. “ಎರಡನೆಯದು. ಇಬ್ಬರು ಕಾವಲುಗಾರರು. ಒಬ್ಬ ಕಳ್ಳನನ್ನು ಕಂಡೊಡನೆ ಕತ್ತಿ ಬೀಸುತ್ತಾನೆ, ಆದರೆ ಮನೆಯವರು ಜ್ವರದಲ್ಲಿ ನರಳಿದರೆ ಅವನಿಗೆ ತಿಳಿಯದು. ಇನ್ನೊಬ್ಬ ಮನೆಯವರ ಜ್ವರಕ್ಕೆ ತಾನೂ ಕಾದು, ಮೆಲ್ಲಗೆ ಬಾಗಿ, ಆಮೇಲೆ ಬಾಗಿಲು ಹಾಕುತ್ತಾನೆ. ಆದರೆ ಕಳ್ಳ ಬಂದರೆ ಅವನ ಕೈಲಾಗದು. ಯಾರನ್ನು ಕೆಲಸದಿಂದ ತೆಗೆಯಲಿ?”

“ಆ ನಿಧಾನದವನನ್ನು!” ಎಂದು ಸೇನಾಪತಿ ಅಬ್ಬರಿಸಿದ. ಅವನ ಸೈನಿಕರೇ ಅವನನ್ನು ಎಳೆದೊಯ್ಯಬೇಕಾಯಿತು. ಪಾಪ, ನಗುವುದಕ್ಕೆ ಯಾರೂ ಉಳಿಯಲಿಲ್ಲ.

“ಇಬ್ಬರೂ ಇರಲಿ ಅಮ್ಮಣ್ಣಿ,” ಎಂದಳು ಚಿಕ್ಕತಾಯಿ. “ಮೊದಲನೆಯೋನು ಬ್ರೇಕರು, ಎರಡನೆಯೋನು ಓವರ್‌ಲೋಡ್ ರಿಲೇ. ಹೊರೆ ಜಾಸ್ತಿಯಾಗಿ ಮೋಟ್ರು ತಿಣುಕಿದ್ರೆ ಕರೆಂಟು ಒಂಚೂರೇ ಏರ್ತದೆ, ಬ್ರೇಕರಿಗೆ ಅದು ಲೆಕ್ಕಕ್ಕಿಲ್ಲ. ರಿಲೇ ಒಳಗಿರೋ ತಗಡು ಬಿಸಿಯಾಗಿ ಬಾಗಿ, ಸ್ಟಾರ್ಟರ್ ಬಿಡಿಸಿ ಮೋಟ್ರು ನಿಲ್ಲಿಸ್ತದೆ. ಒಬ್ಬರ ಕೆಲಸ ಇನ್ನೊಬ್ಬರಿಗೆ ಬರಕಿಲ್ಲ.”

ಮೂರನೆಯದನ್ನು ಕೇಳುವ ಮೊದಲು ರಾಜಕುಮಾರಿ ಒಮ್ಮೆ ಅಪ್ಪನ ಕಡೆ ನೋಡಿದಳು. “ಆ ಎರಡನೆಯ ಕಾವಲುಗಾರ ಮೂರು ಸಲವೂ ಎಚ್ಚರವಾಗಿಯೇ ಇದ್ದ. ಮೂರು ಸಲವೂ ಮನೆ ಸುಟ್ಟಿತು, ಅವನು ಬಾಗಿಲು ಹಾಕಲಿಲ್ಲ. ಅವನ ಕೈ ಕಟ್ಟಿದವರು ಯಾರು?”

ಚಿಕ್ಕತಾಯಿಗೆ ಉತ್ತರ ಗೊತ್ತಿತ್ತು. ಅದಕ್ಕೇ ಅವಳಿಗೆ ಹೆದರಿಕೆಯಾಯಿತು. ಆದರೆ ಸೆರೆಯಲ್ಲಿದ್ದ ಅಪ್ಪನ ಮುಖ ನೆನಪಾಗಿ ಬೆನ್ನು ನೆಟ್ಟಗೆ ಮಾಡಿದಳು.

“ಮೂರು ಮೋಟ್ರನ್ನೂ ಬಿಚ್ಚಿದ್ದು ಈ ಕೈಯಿ. ಹೆಂಗೆ ಸತ್ತೆ ಅಂತ ಮೋಟ್ರು ನಂಗೆ ಹೇಳ್ತದೆ. ಶಾರ್ಟ್ ಆಗಿದ್ರೆ ಒಂದು ಕಡೆ ಸಿಡಿದು ತೂತು ಬಿದ್ದಿರ್ತಿತ್ತು. ಕರೆಂಟು ಬರೋ ಮೂರು ಲೈನಲ್ಲಿ ಒಂದು ಫೇಸ್ ಹೋಗಿದ್ರೆ ಕೆಲವು ಸುರುಳಿ ಕಪ್ಪಾಗಿ ಉಳಿದವು ಚೆನ್ನಾಗಿರ್ತಿದ್ವು. ಇವುಗಳಲ್ಲಿ ಎಲ್ಲ ಸುರುಳಿನೂ ಒಂದೇ ಸಮ ಕರಿಕಾಗಿದ್ವು. ಹೊತ್ತುಗಟ್ಟಲೆ ಹೊರೆ ಹೊತ್ತು ಸತ್ತಿರೋದು. ಮೋಟ್ರಿನ ಮೇಲೆ ಬರೆದಿರೋದು ಹದಿನಾಲ್ಕು ಆಂಪಿಯರ್. ರಿಲೇ ಎಷ್ಟಕ್ಕೆ ಬಿಡಿಸಬೇಕು ಅನ್ನೋ ತಿರುಪು ಇಟ್ಟಿರೋದು ಇಪ್ಪತ್ತಕ್ಕೆ, ಮೋಟ್ರು ಒಯ್ಯೋಕೆ ಬಂದಾಗ ನೋಡಿದೀನಿ.”

“ಇಟ್ಟವನು ಕೆಂಚಯ್ಯನೇ ತಾನೆ?” ಮಹಾರಾಜ ಗುಡುಗಿದ.

“ಆ ತಿರುಪಿನ ಮೇಲೆ ಅರಗಿನ ಮುದ್ರೆ ಐತೆ ಬುದ್ಧಿ. ನಿಮ್ಮ ಉಂಗುರದ್ದು.”

ಮುಗಿಲುಕೋಟೆಯಲ್ಲಿ ದೊರೆ ಒಪ್ಪಿದ್ದಕ್ಕೆಲ್ಲ ಅರಗಿನ ಮುದ್ರೆ ಬೀಳುತ್ತಿತ್ತು, ಅದನ್ನು ಒಡೆಯುವ ಎದೆ ಯಾರಿಗೂ ಇರಲಿಲ್ಲ. ಭೈರವರಾಯನಿಗೆ ವಸಂತೋತ್ಸವ ನೆನಪಾಯಿತು. ಆವತ್ತು ಅದೇ ಮೋಟಾರಿಗೆ ತೋಟದ ನಾಲ್ಕು ಕಾರಂಜಿ ಸೇರಿಸಿದ್ದರು. ಹೊರೆ ಹೆಚ್ಚಾಗಿ ರಿಲೇ ಮೋಟಾರನ್ನು ನಿಲ್ಲಿಸಿದಾಗಲೆಲ್ಲ ನೆಂಟರ ಮುಂದೆ ಕಾರಂಜಿಗಳೂ ನಿಂತು ಮರ್ಯಾದೆ ಹೋಗಿತ್ತು. ಸಿಟ್ಟಿನಲ್ಲಿ ತಾನೇ ಇಳಿದು ಹೋಗಿ ತಿರುಪನ್ನು ಕೊನೆಯವರೆಗೆ ತಿರುಗಿಸಿ ಮುದ್ರೆ ಒತ್ತಿದ್ದ. ಅಂದಿನಿಂದ ಕಾರಂಜಿಗಳು ಪ್ರತಿ ಸಲವೂ ಮೋಟಾರು ಸುಡುವ ತನಕ ನಿಲ್ಲದೆ ಚಿಮ್ಮುತ್ತಿದ್ದವು.

“ಕೆಂಚಯ್ಯ ಇದನ್ನೇಕೆ ಹೇಳಲಿಲ್ಲ?”

“ನಮ್ಮಪ್ಪ ನಿಮ್ಮ ಅನ್ನ ಉಂಡೋನು, ಸಭೇಲಿ ನಿಮ್ಮ ಹೆಸರೆತ್ತಕಿಲ್ಲ. ನಾನು ಎತ್ತಿದೀನಿ. ತಲೆ ತೆಗೀತೀರಾ ತೆಗೀರಿ, ಉತ್ತರ ಮಾತ್ರ ಇದೇಯ.”

ಮಹಾರಾಜ ಮಗಳ ಕಡೆ ತಿರುಗಿದ. ಅವಳು ಕಣ್ಣು ತಪ್ಪಿಸಲಿಲ್ಲ. ಅಪ್ಪನಿಗೆ ನೇರವಾಗಿ ಹೇಳಲಾಗದ್ದನ್ನು ಮಗಳು ಒಗಟು ಮಾಡಿದ್ದಾಳೆಂದು ಆಗ ಅವನಿಗೆ ಅರ್ಥವಾಯಿತು. “ಉತ್ತರ ಸರಿ,” ಎಂದ. “ಆ ಮುದ್ರೆ ನಾನೇ ಒಡೆಯುತ್ತೇನೆ. ಯಂತ್ರಶಾಲೆ ಇನ್ನು ನಿನ್ನದು. ವರ ಏನು ಬೇಕು?”

“ಅಪ್ಪನ್ನ ಬಿಡಿ. ಆ ಮೂವರನ್ನೂ ಬಿಡಿ ಬುದ್ಧಿ. ತಿಳೀದೆ ಇದ್ದಿದ್ದಕ್ಕೆಲ್ಲ ತಲೆ ತೆಗೆಯೋದಾದ್ರೆ...” ಅಷ್ಟಕ್ಕೇ ನಾಲಗೆ ಕಚ್ಚಿಕೊಂಡಳು.

“ಮೊದಲು ನನ್ನದೇ ಹೋಗಬೇಕಿತ್ತು,” ಎಂದು ಮಹಾರಾಜ ಮುಗಿಸಿದ.

ಕೆಂಚಯ್ಯ ಸೆರೆಯಿಂದ ಹೊರಬಂದಾಗ ಅರಮನೆಯ ಅಂಗಳದಲ್ಲಿ ಕಾಲಿಡಲು ಜಾಗವಿರಲಿಲ್ಲ. ಮೂವತ್ತು ವರ್ಷ ಅರಮನೆಯಲ್ಲಿ ಒಂದು ಮಾತೂ ಜೋರಾಗಿ ಆಡದ ಮನುಷ್ಯ ಅವನು. ಮಗಳ ಕೈ ಹಿಡಿದು, ಮಂತ್ರಿ ಮಾಂಡಲಿಕರೆಲ್ಲ ತಿರುಗಿ ನೋಡುವಂತೆ ಕೂಗಿದ: “ದಾರಿ ಬಿಡ್ರಪ್ಪಾ, ನನ್ನ ಮಗಳು ಬರ್ತಾವ್ಳೆ!”